ನಾಚಿಕೆಯ ಗುಳಿಗೆ

ಸುರೇಬಾನದಲ್ಲಿ ಅಂದಾನೆಪ್ಪ ಮಾವನ ವರ್ಚಸ್ಸು ಎಂಥದೆಂದರೆ, ಅವನು ಹಾದು ಹೋಗುವಾಗ ಕಟ್ಟೆಯ ಮೇಲಿನ ಇಸ್ಪೀಟಿನ ಎಲೆಗಳು ಜಮಖಾನೆಯ ಕೆಳಗೆ ಸೇರುತ್ತಿದ್ದವು. ಅಂಥ ಮನುಷ್ಯ ಒಂದು ಗುಳಿಗೆಗೆ ಹೆದರಿ ಬಸ್ಸು ಹತ್ತಿ ಊರೂರು ಅಲೆದ. ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ, ಸಿಟ್ಟಿನ ನಡುವೆಯೇ ನಗೆ ಬರುತ್ತದೆ.

೨೦೦೮ರ ಮಾತು. ಮಾವನ ಹೆಂಡತಿ, ಅಂದರೆ ನನ್ನ ಸೋದರತ್ತೆ ಸೀತವ್ವನ ಲಿವರ್ ಪೂರ್ತಿ ಕೆಟ್ಟಿತ್ತು. ಸತ್ತವರು ದಾನ ಮಾಡಿದ ಲಿವರ್ ಸಿಕ್ಕರೆ ಕೂಡಿಸುತ್ತೇವೆ ಎಂದು ಬೆಂಗಳೂರಿನ ದೊಡ್ಡ ಆಸ್ಪತ್ರೆಯವರು ಹೇಳಿದರು. ಆದರೆ ಅರವಳಿಕೆ ಕೊಡುವ ಡಾಕ್ಟರ್ ಶೈಲಜಾ ಅಡ್ಡ ನಿಂತರು. ಅವರೂ ಧಾರವಾಡದ ಕಡೆಯವರೇ.

"ಲಿವರ್ ಹೊಲ್ಯಾವ್ರು ಬ್ಯಾರೆ ಅದಾರ್ರಿ ಅವ್ವಾರ. ಹೊಲ್ಯೂತನಕ ನಿಮ್ಮ ಜೀವಾ ಕಾಯಾಕಿ ನಾನು. ನಿಮ್ಮ ಪುಪ್ಪಸದಾಗಿನ ರಕ್ತನಾಳ ಬಿಗದಾವು, ಅಲ್ಲಿ ಒತ್ತಡ ಭಾಳ ಐತಿ. ಹೊಸಾ ಲಿವರಿಗೆ ರಕ್ತ ಬಿಟ್ಟಕೂಡ್ಲೆ ಅದು ಒಮ್ಮೆಲೆ ಹೃದಯಕ್ಕ ನುಗ್ಗತೈತಿ. ಮುಂದ ದಾರಿ ಬಿಗದಿದ್ರ ಹೃದಯ ಅಲ್ಲೇ ನಿಲ್ಲತೈತಿ. ಒತ್ತಡ ಇಳಿಯೂತನಕ ನಾ ನಿಮಗ ನಿದ್ದಿ ಕೊಡಂಗಿಲ್ಲ."

"ಮುಂದ ಹೂಳು ತುಂಬಿರೂವಾಗ ಕಾಲುವಿ ತೂಬು ತಗದಂಗ," ಎಂದ ಮಾವ. ಡಾಕ್ಟರು ತಲೆಯಾಡಿಸಿ ಚೀಟಿ ಬರೆದುಕೊಟ್ಟರು. ದಿನಕ್ಕೆ ಮೂರು ಗುಳಿಗೆ.

ತಂಟೆ ಶುರುವಾದದ್ದು ರಾಮದುರ್ಗದ ಔಷಧಿ ಅಂಗಡಿಯಲ್ಲಿ. ಅಂಗಡಿಕಾರ ಬಾಳು ಚೀಟಿ ಓದಿದ, ಮಾವನ ನೆರೆತ ಮೀಸೆ ನೋಡಿದ, ಮತ್ತೆ ಚೀಟಿ ಓದಿದ. ಮುದುಕನನ್ನು ಮತ್ತೆ ಮದುಮಗನನ್ನಾಗಿ ಮಾಡುತ್ತದೆ ಎಂದು ಪೇಪರಿನವರು ವರ್ಷಗಟ್ಟಲೆ ಬರೆದ ಗುಳಿಗೆ ಅದು. ಪುಪ್ಪಸದ ನಾಳಗಳನ್ನು ಸಡಿಲಿಸುವುದೂ ಅದೇ ಎಂದು ಯಾವ ಪೇಪರಿನವನೂ ಬರೆದಿರಲಿಲ್ಲ.

"ಕಾಕಾರ, ದಿನಕ್ಕ ಮೂರೇನ್ರಿ?" ಎಂದ ಬಾಳು. "ಭಾಳ ಹುರುಪಿನ್ಯಾಗ ಅದೀರಿ ಬಿಡ್ರಿ."

"ನಮ್ಮನ್ಯಾಕಿಗೋ ಮಾರಾಯಾ!"

"ಹೌದ್ರಿ, ಎಲ್ಲಾ ಅವ್ರ ಸಲುವಾಗೇ ಅಲ್ಲೇನ್ರಿ?"

ಅಂಗಡಿಯ ಮುಂದಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಮಾವ ಮನೆ ಮುಟ್ಟುವ ಮೊದಲೇ ಸುದ್ದಿ ಸುರೇಬಾನ ಮುಟ್ಟಿತ್ತು. ಹಿರಿಯರು ಗುಟ್ಟಾಗಿ ಕೈ ಕುಲುಕಿದರು. ಕಟ್ಟೆಯ ಮೇಲಿನ ಇಸ್ಪೀಟು ಅಂದಿನಿಂದ ರಾಜಾರೋಷವಾಗಿ ನಡೆಯಿತು.

ಮುಂದಿನ ಸಲ ಮಾವ ಸವದತ್ತಿಗೆ ಹೋದ. ಅಲ್ಲಿ ಬೀಗರೊಬ್ಬರು ಸಿಕ್ಕರು. ಆಮೇಲೆ ಬೈಲಹೊಂಗಲಕ್ಕೆ ಹೋಗಿ, ಮುಖಕ್ಕೆ ಟವೆಲ್ ಸುತ್ತಿಕೊಂಡು ಅಂಗಡಿ ಹೊಕ್ಕ. ಅಂಗಡಿಯವನು ಬಾಳುವಿನ ಭಾವಮೈದುನ. "ಬರ್ರಿ ಅಂದಾನೆಪ್ಪನವರ, ಕುಂದರ್ರಿ. ನೀವು ಬರತೀರಿ ಅಂತ ಬಾಳು ಹೇಳಿದ್ದ," ಎಂದು ಕುರ್ಚಿ ಸರಿಸಿದ.

ಆ ದಿನ ಮಾವನ ಬುದ್ಧಿ ಮಣ್ಣು ತಿಂದಿತು. ಅಂಗಡಿಗೆ ಹೋಗುವುದು ಅರ್ಧಕ್ಕರ್ಧ ಕಡಿಮೆಯಾಗಲಿ ಎಂದು ಪ್ರತಿ ಗುಳಿಗೆಯನ್ನೂ ಎರಡು ಹೋಳು ಮಾಡಿ ಹೊತ್ತಿಗೆ ಅರ್ಧವನ್ನಷ್ಟೇ ಅತ್ತೆಗೆ ಕೊಡತೊಡಗಿದ.

ತಪಾಸಣೆಗೆ ಹೋದಾಗ ಒತ್ತಡ ಇದ್ದಲ್ಲೇ ಇತ್ತು. ಅತ್ತೆ ಎರಡು ಮಾತಾಡಿದರೆ ತೇಕುತ್ತಿದ್ದಳು. ಡಾಕ್ಟರು ಕೇಳಿದ ಒಂದೇ ಪ್ರಶ್ನೆಗೆ ಮಾವ ನೆಲ ನೋಡುತ್ತ ಎಲ್ಲ ಹೇಳಿಬಿಟ್ಟ. "ಇಂಥಾದ್ರಾಗ ಲಿವರ್ ಸಿಕ್ಕಿದ್ರ ಬ್ಯಾರೆಯವ್ರಿಗೆ ಕೊಡಬೇಕಾಗತಿತ್ರಿ," ಎಂದರು ಡಾಕ್ಟರು. ಮಾವನನ್ನು ನಾನು ಅಲ್ಲೇ ಬೈಯುವವಳಿದ್ದೆ. ಅತ್ತೆ ನನ್ನ ಕೈ ಹಿಡಿದು ತಡೆದಳು.

ಅವಳಿಗೆ ಅವಳದೇ ಯೋಚನೆ ಇತ್ತು. ಊರಿಗೆ ಬಂದವಳೇ ನನ್ನ ಹೆಗಲು ಹಿಡಿದುಕೊಂಡು, ಸಂತೆಯ ದಿನವೇ ಬಾಳುವಿನ ಅಂಗಡಿಗೆ ಹೋದಳು.

"ಏ ಬಾಳು, ಆ ಗುಳಿಗಿ ನುಂಗಾಕಿ ನಾನು. ದಿನಕ್ಕ ಮೂರು. ನಕ್ಕು ಮುಗದಿದ್ರ ಕಟ್ಟು."

ಯಾರೂ ನಗಲಿಲ್ಲ. ಅವಳ ತೇಕು ಎಲ್ಲರಿಗೂ ಕೇಳುತ್ತಿತ್ತು. ಬಾಳು ಕಣ್ಣು ಕೆಳಗೆ ಮಾಡಿ ಗುಳಿಗೆ ಕಟ್ಟಿದ. ಅಂದಿನಿಂದ ತಾನೇ ಸೈಕಲ್ ಮೋಟರಿನಲ್ಲಿ ಮನೆಗೆ ತಂದು ಕೊಡುತ್ತಿದ್ದ.

ಕೆಲವು ತಿಂಗಳ ಮೇಲೆ ಕರೆ ಬಂತು, ಲಿವರ್ ಸಿಕ್ಕಿತ್ತು. ಡಾಕ್ಟರ್ ಶೈಲಜಾ ಮೊದಲು ಬದಿಯ ಕೋಣೆಯಲ್ಲಿ, ಅತ್ತೆ ಎಚ್ಚರವಿರುವಾಗಲೇ, ಕುತ್ತಿಗೆಯಿಂದ ಸಣ್ಣ ನಳಿಕೆಯೊಂದನ್ನು ಹೃದಯದ ಆಚೆಗೆ ಇಳಿಸಿ ಒತ್ತಡ ಅಳೆದರು. ಮಾವ ಗೋಡೆಗೆ ಹಣೆ ಹಚ್ಚಿ ನಿಂತಿದ್ದ. ಬಾಗಿಲು ತೆರೆಯಿತು. "ಇಳದೈತ್ರಿ. ನಿದ್ದಿ ಕೊಡತೇನಿ," ಎಂದರು.

ಥಿಯೇಟರಿನ ಬಾಗಿಲಲ್ಲಿ ನರ್ಸ್ ಅತ್ತೆಯನ್ನು ಕೇಳಿದಳು: "ಗಂಡನ ಹೆಸರೇನಮ್ಮ?"

ನಮ್ಮ ಕಡೆ ಹೆಂಗಸರು ಗಂಡನ ಹೆಸರನ್ನು ಬರಿದೇ ಹೇಳುವುದಿಲ್ಲ, ಒಡಪು ಕಟ್ಟಿ ಅದರೊಳಗಿಟ್ಟು ಹೇಳುತ್ತಾರೆ. ಜೀವ ಬಾಯಿಗೆ ಬಂದ ಹೊತ್ತಿನಲ್ಲೂ ಅತ್ತೆ ಪದ್ಧತಿ ಬಿಡಲಿಲ್ಲ. ಸ್ಟ್ರೆಚರಿನ ಮೇಲಿಂದಲೇ, ಬದಿಯಲ್ಲೇ ನಿಂತಿದ್ದ ಮಾವನತ್ತ ನೋಡುತ್ತ, ಉಸಿರು ಕೂಡಿಸಿಕೊಂಡು ಅಂದಳು:

"ಅರ್ಧಾ ಮುರದು ಕೊಟ್ಟಾರ ನಾಚಿ ನಾಚಿ ಗುಳಿಗಿ,
ಅಂದಾನೆಪ್ಪನವರ ಜೋಡಿ ಜಗಳಾಡಾಕ ಬೇಕ ಇನ್ನೂ ನಾಕ ಗಳಿಗಿ."

ಡಾಕ್ಟರು ಮಾಸ್ಕಿನೊಳಗೇ ನಕ್ಕರು. ಬಾಗಿಲು ಮುಚ್ಚಿತು. ನನಗೆ ಅಳು ತಡೆಯಲಾಗಲಿಲ್ಲ. ಮಾವ ಮಾತ್ರ ಬಾಗಿಲನ್ನೇ ನೋಡುತ್ತ ಊಟ, ನೀರು ಬಿಟ್ಟು ದಿನವಿಡೀ ಕುಳಿತ.

ಸಂಜೆ ಡಾಕ್ಟರು ಹೊರಗೆ ಬಂದು ಮಾಸ್ಕು ತೆಗೆದರು. "ರಕ್ತ ಬಿಟ್ಟಾಗ ಒಂದ್ ಸ್ವಲ್ಪ ಹೆದರಸ್ತು. ಆದ್ರ ಹೃದಯ ತಡಕೊಂಡ್ತರಿ. ಲಿವರ್ ಕೆಲಸಾ ಮಾಡಾಕ ಹತ್ತೈತಿ," ಎಂದರು.

ಮಾವ ಎದ್ದು ಕೈ ಮುಗಿದ. ಆಮೇಲೆ ನರ್ಸುಗಳು, ನೆಂಟರು, ನಾನು ಎಲ್ಲರೂ ಇರುವಾಗಲೇ, ದನಿ ತಗ್ಗಿಸದೆ ಡಾಕ್ಟರನ್ನು ಕೇಳಿದ:

"ಒಳಗ ಹೋಗೂಮುಂದ ಆಕಿ ಏನೋ ಅಂದ್ಲಲ್ಲರಿ, ನನಗ ಸರಿ ಕೇಳಸ್ಲಿಲ್ಲ. ಇನ್ನೊಮ್ಮೆ ಹೇಳ್ರಿ."