ಆಸ್ಪತ್ರೆಯ ಪರದೆ ಕೋರ್ಟಿಗೆ ಹೋದದ್ದು

ನಾನು ಕಬ್ಬಿಣದ ಕೊಳವೆಗಳ ಚೌಕಟ್ಟಿಗೆ ಬಟ್ಟೆ ಕಟ್ಟಿದ, ಮೂರು ಮಡಿಕೆಯ ಒಂದು ಪರದೆ. ಹುಬ್ಬಳ್ಳಿಯ ಒಂದು ವೆಲ್ಡಿಂಗ್ ಅಂಗಡಿಯಲ್ಲಿ ಹುಟ್ಟಿ ಸರಕಾರಿ ಆಸ್ಪತ್ರೆ ಸೇರಿದೆ. ನೆಲ ಒರೆಸಲು ಅನುಕೂಲವಾಗಲಿ ಎಂದು ನನ್ನ ಬಟ್ಟೆಯನ್ನು ನೆಲದಿಂದ ಒಂದು ಗೇಣು ಮೇಲಕ್ಕೇ ನಿಲ್ಲಿಸಿದ್ದರು.

ಅಲ್ಲಿ ನನಗೆ ಮಂಚದ ಮೇಲೆ ಹೊಟ್ಟೆಕಿಚ್ಚು. ಮಂಚ ಸಿಗಲಿಲ್ಲವೆಂದು ಜನ ಜಗಳವಾಡುತ್ತಿದ್ದರು. ಪರದೆ ಸಿಗಲಿಲ್ಲವೆಂದು ಯಾರೂ ಒಂದು ಮಾತು ಆಡಲಿಲ್ಲ.

ಹನ್ನೊಂದು ವರ್ಷದ ನಂತರ ಸರಕಾರಿ ವಕೀಲೆಯೊಬ್ಬರು ಆ ಮಾತು ಆಡಿದರು. ಸಾಕ್ಷಿ ಹೇಳುವ ಹುಡುಗಿಗೆ ಆರೋಪಿ ಕಾಣಿಸಬಾರದು, ಪರದೆ ಬೇಕೇ ಬೇಕು ಎಂದರಂತೆ. ಕೋರ್ಟಿನಲ್ಲಿ ಪರದೆ ಇರಲಿಲ್ಲ. ಜವಾನ ಹುಸೇನಸಾಬ ನನ್ನನ್ನು ಗೂಡ್ಸ್ ಆಟೋದಲ್ಲಿ ತಂದ. ಇನ್ನಾದರೂ ನಾನು ಕಣ್ಣಿಗೆ ಬಿದ್ದೇನು ಎಂದುಕೊಂಡೆ. ಆದರೆ ಅಲ್ಲಿ ಸಾಕ್ಷಿ ಕಟಕಟೆ ಇತ್ತು. ಸಾವಿರ ಕೈ ತಾಗಿ ಅದರ ಅಂಚು ಮಿರುಗುತ್ತಿತ್ತು. ನನ್ನನ್ನು ಮುಟ್ಟುವವರು ಸರಿಸಲಿಕ್ಕಷ್ಟೇ ಮುಟ್ಟುತ್ತಾರೆ.

ಹುಡುಗಿ ಬಂದಳು. ಗೋದಾಮಿನಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವವಳು. ಅವಳ ಹೆಸರು ಹೇಳುವ ಹಾಗಿಲ್ಲ. ಅದನ್ನು ಕಾಯುವುದೂ ಕಾನೂನು. ಅಲ್ಲಿನ ಮೇಸ್ತ್ರಿ ಅವಳ ಮೇಲೆ ಅತ್ಯಾಚಾರ ಮಾಡಿದ್ದ. ಅವಳು ಬಾಯಿಬಿಟ್ಟು ಹೇಳದಿದ್ದರೆ ಕೇಸು ಬಿದ್ದುಹೋಗುತ್ತಿತ್ತು. ಬಾಗಿಲು ಮುಚ್ಚಿ ಹೊರಗಿನವರನ್ನು ಕಳಿಸಿದರು. ಅವಳ ಜೊತೆ ಕೂರಲು ಚಿಕ್ಕಮ್ಮ ಪಾರವ್ವನಿಗೆ ಮಾತ್ರ ಅನುಮತಿ. ನನ್ನ ಆ ಬದಿ ಮೇಸ್ತ್ರಿ.

"ಹೇಳಮ್ಮ," ಎಂದರು ನ್ಯಾಯಾಧೀಶೆ.

ಹುಡುಗಿಯ ಕಣ್ಣು ನನ್ನ ಬಟ್ಟೆಯ ಕೆಳಗಿನ ಸಂದಿಯಲ್ಲಿ ನೆಟ್ಟಿತ್ತು.

"ಯಾಕವಾ, ಏನಾತು?" ಎಂದಳು ಪಾರವ್ವ.

"ಅವನ ಬೂಟು ಕಾಣಾಕತ್ತಾವ, ಚಿಗವ್ವ."

ಮೇಸ್ತ್ರಿ ಬೇಕೆಂದೇ ಬೂಟು ಕುಟ್ಟುತ್ತಿದ್ದ. ಹನ್ನೊಂದು ವರ್ಷ ಕೊರತೆಯೆನಿಸದ ಆ ಒಂದು ಗೇಣು ಜಾಗಕ್ಕೆ ನಾನು ನಾಚಿಕೊಂಡೆ.

ಅವನ ಪರ ವಕೀಲರು ನಕ್ಕರು. "ಬೂಟಿಗೂ ಅಂಜಿದ್ರ ಕೋರ್ಟು ನಡಸೂದು ಹೆಂಗ್ರೀ, ಮೇಡಂ?"

"ನೀವೊಂದ್ಸಲ ಆ ಬೂಟಿನ ಕೆಳಗ ಬಿದ್ದು ನೋಡ್ರಿ, ಸಾಹೇಬ್ರ. ಆಮ್ಯಾಲ ನಗೀರಂತ," ಎಂದಳು ಪಾರವ್ವ.

ನ್ಯಾಯಾಧೀಶೆ ಪೆನ್ನು ಕೆಳಗಿಟ್ಟರು. "ಆರೋಪಿ ಕಾಣಬಾರದು ಅಂದ್ರೆ ಕಾಲೂ ಕಾಣಬಾರದು. ಅದು ಅವಳ ಹಕ್ಕು. ಹುಸೇನಸಾಬ್, ಏನಾದ್ರೂ ಮಾಡಿ."

ಅವನು ಗುಮಾಸ್ತರ ಮೇಜಿನ ಹಸಿರು ಬಟ್ಟೆ ಎಳೆದು ನನ್ನ ಕೆಳಗಿನ ಕೊಳವೆಗೆ ಕಟ್ಟಿದ. ಹುಡುಗಿ ತಲೆಯೆತ್ತಿದಳು. ಮೊದಲಿನಿಂದ ಕೊನೆಯವರೆಗೆ, ಒಂದನ್ನೂ ನುಂಗದೆ, ಹೇಳಿದಳು. ಸಂಜೆ ಎಲ್ಲರೂ ಆ ಹಸಿರು ಬಟ್ಟೆಯನ್ನು ಹೊಗಳಿದರು. ಅದನ್ನು ಹರಿದುಹಾಕಬೇಕು ಅನಿಸಿತು ನನಗೆ.

ಮೇಸ್ತ್ರಿಗೆ ಹತ್ತು ವರ್ಷ ಶಿಕ್ಷೆಯಾಯಿತು.

ಈಗ ಸಾಕ್ಷಿಗಳು ಬೇರೆ ಕೋಣೆಯಲ್ಲಿ ಕೂತು ಟಿವಿಯ ಮೂಲಕ ಕೋರ್ಟಿಗೆ ಸಾಕ್ಷಿ ಹೇಳುತ್ತಾರೆ. ನಾನು ಹಳೆಯ ಕಡತಗಳ ನಡುವೆ ತುಕ್ಕು ಹಿಡಿಯುತ್ತಿದ್ದೇನೆ. ಟಿವಿಯ ಮೇಲೂ ಹೊಟ್ಟೆಕಿಚ್ಚಿದೆ, ಸುಳ್ಳೇಕೆ? ಆದರೆ ಹೆಚ್ಚಿನದು ಆ ಹುಡುಗಿಯ ಮೇಲೆ. ತಾನು ಕಂಡದ್ದನ್ನೆಲ್ಲ ಅವಳು ಹೇಳಿ ಹೋದಳು. ನಾನು ಕಂಡದ್ದು ನನ್ನಲ್ಲೇ ಉಳಿಯಿತು: ಅವಳು ಮಾತಾಡುತ್ತಿದ್ದಷ್ಟು ಹೊತ್ತೂ ಆ ಬದಿಯಲ್ಲಿ ಅವನು ಆ ಬೂಟುಗಳನ್ನು ಹಿಂದಕ್ಕೆ ಎಳೆದುಕೊಂಡು ಕುಗ್ಗಿ ಕೂತಿದ್ದ. ಅವಳಿಗೆ ಅದು ಕಾಣಲಿಲ್ಲ. ಕಾಣದಂತೆ ನಿಂತದ್ದು ನಾನೇ.