ಬೇರೆ ಮನೆಯ ಪಾತ್ರೆ

ಆ ಬೀದಿಯಲ್ಲಿ ಮೊದಲು ಯಾರ ಮನೆಯಲ್ಲೂ ಮಧ್ಯಾಹ್ನದ ಅಡುಗೆ ಬೇಯುತ್ತಿರಲಿಲ್ಲ. ಮನೆಗಳು ಅಷ್ಟು ಇಕ್ಕಟ್ಟು. ಸೀಮೆಎಣ್ಣೆ ಸ್ಟೌ ಮೇಲೆ ಚಹಾ ಕಾಯಿಸಿದರೂ ಗೋಡೆ ಕಪ್ಪಾಗಿ, ಒಣಹಾಕಿದ ಬಟ್ಟೆಗೆಲ್ಲ ವಾಸನೆ ಹತ್ತುತ್ತಿತ್ತು. ಹಾಗಾಗಿ ಹೆಂಗಸರು ಬೆಳಿಗ್ಗೆ ತರಕಾರಿಯೋ ಕಾಳೋ ಮಾಂಸವೋ, ಇದ್ದದ್ದನ್ನು ಹೆಚ್ಚಿ, ಉಪ್ಪು ಖಾರ ಬೆರೆಸಿ, ಮುಚ್ಚಳದ ಪಾತ್ರೆಗೆ ತುಂಬಿ ಬೀದಿಯ ಕೊನೆಯಲ್ಲಿದ್ದ ಬೇಕರಿ ಭಟ್ಟಿಗೆ ಒಯ್ದು ಕೊಡುತ್ತಿದ್ದರು. ಬೆಳಗಿನ ರೊಟ್ಟಿ ಸುಟ್ಟು ಮುಗಿದ ಮೇಲೆ ಭಟ್ಟಿಯಲ್ಲಿ ಉಳಿದ ಕಾವಿಗೆ ಇಡೀ ಬೀದಿಯ ಪಾತ್ರೆಗಳು ಸಾಲಾಗಿ ಕೂತು ಊಟದ ಹೊತ್ತಿಗೆ ಹದವಾಗಿ ಬೆಂದಿರುತ್ತಿದ್ದವು.

ಭಟ್ಟಿ ನೋಡಿಕೊಳ್ಳುತ್ತಿದ್ದವಳನ್ನು ಎಲ್ಲರೂ ಭಟ್ಟಿಯತ್ತೆ ಎನ್ನುತ್ತಿದ್ದರು. ಅವಳು ಯಾರಿಗೂ ನಿಜವಾದ ಅತ್ತೆಯಲ್ಲ, ಆದರೆ ಎಲ್ಲರಿಗೂ ಅತ್ತೆಯಷ್ಟೇ ಬಯ್ಯುತ್ತಿದ್ದಳು. ಪಾತ್ರೆ ತೆಗೆದುಕೊಳ್ಳುವಾಗ ಮುಚ್ಚಳ ಎತ್ತಿ ನೋಡಿ, "ಏನೇ, ಗಂಡನ ಹತ್ರ ಜಗಳ ಆಡ್ಕೊಂಡು ಬಂದ್ಯಾ? ಈರುಳ್ಳೀನ ಹೀಗೆ ಕೊಚ್ಚಿಹಾಕಿದ್ದೀಯಲ್ಲ!" ಎನ್ನುವಳು. ಅವಳ ಊಹೆ ತಪ್ಪುತ್ತಿದ್ದದ್ದು ಕಡಿಮೆ.

ಭಟ್ಟಿಗೆ ಬರುತ್ತಿದ್ದ ಪಾತ್ರೆಗಳಲ್ಲಿ ಎರಡು ಒಂದೇ ಅಚ್ಚಿನವು. ಒಂದೇ ಅಂಗಡಿಯಲ್ಲಿ ಕೊಂಡ ಕಪ್ಪು ಕಬ್ಬಿಣದ ಪಾತ್ರೆಗಳು. ಒಂದು ದರ್ಜಿಯ ಮನೆಯದು, ಇನ್ನೊಂದು ಕೆಲಸದಿಂದ ನಿವೃತ್ತರಾಗಿದ್ದ ಸ್ಟೇಷನ್ ಮಾಸ್ತರರ ಮನೆಯದು. ಹೊರಗಿನಿಂದ ಅವಳಿಜವಳಿ, ಒಳಗೆ ಮಾತ್ರ ಅಜಗಜಾಂತರ. ದರ್ಜಿಯ ಹೆಂಡತಿಯನ್ನು ಬೀದಿಯವರು ಖಾರದಕ್ಕ ಎಂದೇ ಕರೆಯುತ್ತಿದ್ದರು. ಅವಳ ಪಾತ್ರೆಯ ಮುಚ್ಚಳ ತೆಗೆದರೆ ಆಚೆಮನೆಯವರು ಸೀನುತ್ತಿದ್ದರು. ಸೀನಿ, ಬಾಯಲ್ಲಿ ನೀರೂರಿಸಿಕೊಳ್ಳುತ್ತಿದ್ದರು. ಮಾಸ್ತರರ ಹೆಂಡತಿ ಮಾಸ್ತರಮ್ಮನ ತಂದೆ ಆಸ್ಪತ್ರೆಯಲ್ಲಿ ರೋಗಿಗಳಿಗೆ ಅಡುಗೆ ಮಾಡುತ್ತಿದ್ದವನು. ಆಕೆ ಕಲಿತದ್ದೂ ಅದನ್ನೇ. ಆಕೆಯ ಅಡುಗೆ ಉಂಡವರಿಗೆ ಹೊಟ್ಟೆನೋವು ಬಂದದ್ದಿಲ್ಲ, ಇನ್ನೊಮ್ಮೆ ಉಣ್ಣಬೇಕು ಅನ್ನಿಸಿದ್ದೂ ಇಲ್ಲ. ಮಾಸ್ತರರು ದಿನಾ ಹೇಳಿದ ಹೊತ್ತಿಗೆ ಕೂತು, ಹೇಳಿದ ಹೊತ್ತಿಗೆ ಎದ್ದು, "ಊಟ ಆಯ್ತು" ಎನ್ನುತ್ತಿದ್ದರು, ಗಾಡಿ ಹೊರಟಿತು ಎಂದು ಸಾರುವ ಹಾಗೆ.

ಒಂದು ದಿನ ಭಟ್ಟಿಯತ್ತೆ ತನ್ನ ಕನ್ನಡಕದ ಮೇಲೆ ತಾನೇ ಕೂತಳು. ಮುಚ್ಚಳಗಳ ಮೇಲಿನ ಸೀಮೆಸುಣ್ಣದ ಗುರುತು ಅವಳಿಗೆ ಕಾಣದಾಯಿತು. ಅಂದಾಜಿನ ಮೇಲೆ ಪಾತ್ರೆ ಎತ್ತಿಕೊಟ್ಟಳು.

ಮಾಸ್ತರರ ಮನೆಯಲ್ಲಿ ಮುಚ್ಚಳ ತೆಗೆದದ್ದೇ ಕೆಂಪಗೆ ಎಣ್ಣೆ ತೇಲುವ ಗಟ್ಟಿ ಸಾರು. ಮಾಸ್ತರಮ್ಮ ಮುಚ್ಚಳದ ಮೇಲಿನ ಗುರುತು ನೋಡಿದಳು. "ಇದು ನಮ್ಮದಲ್ಲ" ಎನ್ನಲು ಬಾಯಿ ತೆರೆದಳು, ಅಷ್ಟರಲ್ಲಿ ಮಾಸ್ತರರು ಒಂದು ತುತ್ತು ಬಾಯಿಗಿಟ್ಟಾಗಿತ್ತು. ಅವರ ಕೈ ನಿಂತಿತು. ಕಣ್ಣಲ್ಲಿ ನೀರು ಬಂತು, ಮೂಗೂ ಸುರಿಯಿತು. ಆಮೇಲೆ ಇನ್ನೊಂದು ತುತ್ತು ಹೋಯಿತು, ಅದರ ಹಿಂದೆಯೇ ಮತ್ತೊಂದು.

"ಯಾರು ಮಾಡಿದ್ದು ಇದು?" ಎಂದರು.

"ನಾ... ನಾನೇ ಇರ್ಬೇಕು" ಎಂದಳು ಮಾಸ್ತರಮ್ಮ.

"ಇಷ್ಟು ವರ್ಷ ಎಲ್ಲಿ ಬಚ್ಚಿಟ್ಟಿದ್ದೆ ಮಾರಾಯ್ತಿ ಈ ಕೈನ!"

ಮದುವೆಯಾದಂದಿನಿಂದ ಆ ಮನುಷ್ಯ ಊಟದ ಬಗ್ಗೆ ಒಂದು ಒಳ್ಳೆಯ ಮಾತು ಆಡಿದವರಲ್ಲ. ಇಂದು ತಟ್ಟೆಯನ್ನು ರೊಟ್ಟಿಯಲ್ಲಿ ಒರೆಸಿ, ಬೆರಳು ನೆಕ್ಕಿದರು. ನಿಜ ಹೇಳಲು ಮಾಸ್ತರಮ್ಮನಿಗೆ ಮನಸ್ಸೇ ಬರಲಿಲ್ಲ. ಒಳಗೆ ಹೋಗಿ ಕನ್ನಡಿಯಲ್ಲಿ ಮುಖ ನೋಡಿಕೊಂಡಳು.

ಅತ್ತ ದರ್ಜಿಯ ಮನೆಯಲ್ಲಿ ಖಾರದಕ್ಕ ಮುಚ್ಚಳ ಎತ್ತಿ ದಂಗಾಗಿದ್ದಳು. ಪಾತ್ರೆಯೊಳಗೆ ಆಲೂಗಡ್ಡೆ ಹೋಳುಗಳು ಜ್ವರ ಬಂದವರ ಹಾಗೆ ಬೆಳ್ಳಗೆ ಮಲಗಿದ್ದವು. "ಈ ಅತ್ತೆಗೆ ಕಣ್ಣು ಹೋಯ್ತಾ?" ಎಂದು ಸೆರಗು ಸಿಕ್ಕಿಸಿಕೊಂಡು ಹೊರಟವಳು ಬಾಗಿಲಲ್ಲೇ ನಿಂತಳು. ದರ್ಜಿ ಆಗಲೇ ಬಡಿಸಿಕೊಂಡು ತಿನ್ನತೊಡಗಿದ್ದ. ತಿಂದ, ಮತ್ತೆ ಹಾಕಿಸಿಕೊಂಡ, ಚಾಪೆ ಹಾಸಿ ಮಲಗಿದ. ಊಟವಾದ ಮೇಲೆ ಹೊಲಿಗೆ ಯಂತ್ರದ ಹಾಗೆ ಗರಗರ ತೇಗುವ ಗಂಡ ಅಂದು ಮಗುವಿನಂತೆ ನಿದ್ದೆ ಹೋದ. ಖಾರದಕ್ಕ ಪಕ್ಕದಲ್ಲೇ ಕೂತು ತೇಗಿಗಾಗಿ ಕಾದಳು. ಬರಲೇ ಇಲ್ಲ.

ಎದ್ದವನು ಹೊಟ್ಟೆ ಸವರಿಕೊಂಡು, "ಇವತ್ತು ಉರೀಲಿಲ್ಲ ಕಣೇ" ಎಂದ.

"ಅಂದ್ರೆ? ದಿನಾ ಉರಿಯುತ್ತಾ?"

ದರ್ಜಿ ನಾಲಿಗೆ ಕಚ್ಚಿಕೊಂಡ. ಬೀದಿಗೆ ಬೀದಿಯೇ ಹೆಂಡತಿಯ ಕೈರುಚಿ ಹೊಗಳುವಾಗ ತನ್ನ ಹೊಟ್ಟೆಯುರಿಯನ್ನು ಯಾವ ಬಾಯಲ್ಲಿ ಹೇಳಿಯಾನು? ಅಷ್ಟು ವರ್ಷ ಚಹಾದಂಗಡಿಗೆ ಹೋಗಿ ಕದ್ದು ತಣ್ಣನೆ ಹಾಲು ಕುಡಿದು ಬರುತ್ತಿದ್ದ. ಖಾರದಕ್ಕನಿಗೆ ಮೊದಲು ಸಿಟ್ಟು ಬಂತು, ಆಮೇಲೆ ಅಳು ಬಂತು, ಕೊನೆಗೆ ಅಳುವಷ್ಟೇ ಸಿಟ್ಟು ಮತ್ತೆ ಬಂತು.

ಮರುದಿನ ಬೆಳಿಗ್ಗೆ ಇಬ್ಬರು ಹೆಂಗಸರೂ ಪಾತ್ರೆ ಹಿಡಿದು ಭಟ್ಟಿಯ ಮುಂದೆ ನಿಂತರು. ಅತ್ತೆ ದಾರ ಕಟ್ಟಿದ ಕನ್ನಡಕದಲ್ಲಿ ಇಬ್ಬರನ್ನೂ ನೋಡಿದಳು.

"ಬಯ್ಯೋದಿದ್ರೆ ಬೇಗ ಬಯ್ದು ಮುಗಿಸ್ರೇ. ನಿನ್ನೆ ನಿಮ್ಮ ಪಾತ್ರೆ ಅದಲುಬದಲಾಯ್ತು, ನನ್ನದೇ ತಪ್ಪು."

"ಅತ್ತೆ," ಎಂದಳು ಮಾಸ್ತರಮ್ಮ ನೆಲ ನೋಡುತ್ತ, "ಇವತ್ತೂ ಅದೇ ತಪ್ಪು ಆಗಬಹುದಾ?"

ಖಾರದಕ್ಕ ಅವಳತ್ತ ತಿರುಗಿದಳು. "ನಿಮ್ಮೋರೂ ಏನಾದ್ರೂ ಅಂದ್ರಾ?"

"ಹೊಗಳಿದ್ರು."

"ನಮ್ಮೋನು ನಿದ್ದೆ ಮಾಡ್ದ" ಎಂದಳು ಖಾರದಕ್ಕ, ಕಪಾಳಕ್ಕೆ ಏಟು ತಿಂದವರ ದನಿಯಲ್ಲಿ.

ಅಂದಿನಿಂದ ಅದು ಮೂವರ ಗುಟ್ಟಾಯಿತು. ಖಾರದಕ್ಕ ಮಾಸ್ತರರಿಗಾಗಿ ಅಡುಗೆ ಮಾಡಿದಳು, ಮಾಸ್ತರಮ್ಮ ದರ್ಜಿಗಾಗಿ. ಭಟ್ಟಿಯತ್ತೆ ಕಣ್ಣಿದ್ದೂ ಕುರುಡಿಯಾದಳು. ದರ್ಜಿಯ ಬತ್ತಿದ ಕೆನ್ನೆಗಳು ತುಂಬಿಕೊಂಡವು. ಮಾಸ್ತರರಿಗೆ ಹೊಟ್ಟೆ ಮುಂದೆ ಬಂತು. ಮಾಸ್ತರಮ್ಮ ಗಂಡನ ಜೊತೆ ಕೂತು ಅದೇ ಖಾರ ಉಂಡಳು, ಮೊದಮೊದಲು ನೀರು ಕುಡಿಕುಡಿದು. ಪಾಪ, ಖಾರದಕ್ಕ ಮಾತ್ರ ಮಾಸ್ತರಮ್ಮನ ಸಪ್ಪೆ ಅಡುಗೆಗೆ ಹಸಿಮೆಣಸಿನಕಾಯಿ ಕಚ್ಚಿಕೊಂಡು ಊಟ ಮುಗಿಸುತ್ತಿದ್ದಳು.

ಎಲ್ಲ ಸುಸೂತ್ರವಾಗಿ ನಡೆಯುತ್ತಿದ್ದಾಗ ಮಾಸ್ತರರಿಗೆ ಹೆಂಡತಿಯ ಮೇಲೆ ಪ್ರೀತಿ ಉಕ್ಕಿತು. ಒಂದು ಬೆಳಿಗ್ಗೆ ಕೈಗಾಡಿಯಲ್ಲಿ ಏನೋ ಹೇರಿಸಿಕೊಂಡು ಬಂದರು. ಬೀದಿಯೇ ಹೊರಗೆ ಬಂದು ನೋಡಿತು. ಹೊಳೆಯುವ ಗ್ಯಾಸ್ ಒಲೆ, ಅದರ ಪಕ್ಕದಲ್ಲಿ ಡೊಳ್ಳು ಹೊಟ್ಟೆಯ ಸಿಲಿಂಡರ್. ಆ ಬೀದಿಗೆ ಬಂದ ಮೊದಲ ಗ್ಯಾಸ್ ಒಲೆ ಅದು.

"ಇಂಥಾ ಕೈ ಇರೋಳು ಬೀದೀಲಿ ಪಾತ್ರೆ ಹೊತ್ಕೊಂಡು ಓಡಾಡ್ಬೇಕಾ? ಇನ್ಮೇಲೆ ಮನೇಲೇ ಮಾಡು. ನಾನು ಪಕ್ಕದಲ್ಲೇ ಕೂತು ನೋಡ್ತೀನಿ!"

ಮಾಸ್ತರಮ್ಮ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಹೆಂಡತಿ ಸಂತೋಷ ತಡೆಯಲಾರದೆ ಬಿದ್ದಾಳೆಂದು ಮಾಸ್ತರರು ಕುರ್ಚಿ ತಂದು ಕೂರಿಸಿದರು.

ಗ್ಯಾಸ್ ಜೋಡಿಸುವವನು ಬರುವುದು ಮಧ್ಯಾಹ್ನವಾದೀತು ಎಂದು ತಿಳಿದು ಆಕೆ ಹಿತ್ತಲ ಬಾಗಿಲಿನಿಂದ ಖಾರದಕ್ಕನ ಮನೆಗೆ ಓಡಿದಳು. "ಅಕ್ಕ, ಈಗಲೇ ಕಲಿಸು. ಖಾರ ಎಷ್ಟು ಹಾಕ್ಬೇಕು?"

"ಕೈ ಸಾಕು ಅನ್ನೋವರೆಗೂ."

"ನನ್ನ ಕೈ ಚಮಚ ಮುಟ್ಟೋಕೆ ಮೊದ್ಲೇ ಸಾಕು ಅನ್ನುತ್ತೆ, ಅಕ್ಕ!"

"ಹಾಗಾದ್ರೆ ಕಣ್ಣು ಮುಚ್ಕೊಂಡು ಹಾಕು."

ಮಧ್ಯಾಹ್ನ ಹೊಸ ಒಲೆಯ ಮುಂದೆ ನಿಂತು ಮಾಸ್ತರಮ್ಮ ಕಣ್ಣು ಮುಚ್ಚಿಕೊಂಡೇ ಹಾಕಿದಳು. ಖಾರವಾದ ಕೈಯಲ್ಲಿ ಕಣ್ಣು ಒರೆಸಿಕೊಂಡದ್ದರಿಂದ ಆಮೇಲೆ ತೆರೆಯಲೂ ಆಗಲಿಲ್ಲ. ತಳ ಸೀದು, ಮೇಲೆ ಹಸಿ ಉಳಿದು, ನಡುವೆ ಖಾರದ ಉಂಡೆಗಳು ತೇಲಿದವು. ಮಾಸ್ತರರು ಒಂದು ತುತ್ತು ತಿಂದು ತಟ್ಟೆ ಪಕ್ಕಕ್ಕೆ ಸರಿಸಿದರು. ಮಾಸ್ತರಮ್ಮ ಇನ್ನು ಎಲ್ಲ ಮುಗಿಯಿತೆಂದು, ನಿಜ ಹೇಳಿಬಿಡಲು ಮುಂದೆ ಬಂದಳು.

"ನಿನ್ನ ತಪ್ಪಲ್ಲ," ಎಂದರು ಮಾಸ್ತರರು ಒಲೆಯತ್ತ ಕಣ್ಣು ಕೆಕ್ಕರಿಸಿ. "ಈ ದರಿದ್ರ ಯಂತ್ರದ್ದು. ನಿನ್ನ ಕೈರುಚೀನೇ ಕೊಂದುಹಾಕ್ತು!"

ಅಂದು ಸಂಜೆ ಚಹಾದಂಗಡಿಯ ಮುಂದೆ ಮಾಸ್ತರರು ಭಾಷಣವನ್ನೇ ಮಾಡಿದರು. ಗ್ಯಾಸಿನ ಬೆಂಕಿಗೆ ಅವಸರವಂತೆ, ಅದು ಪಾತ್ರೆಯ ತಳವನ್ನಷ್ಟೇ ಮಾತಾಡಿಸುತ್ತದಂತೆ. ಸೌದೆಯ ಕಾವು ಹಾಗಲ್ಲ, ಪಾತ್ರೆಯ ಸುತ್ತಲೂ ಕೂತು ಕ್ಷೇಮಸಮಾಚಾರ ವಿಚಾರಿಸುತ್ತದಂತೆ. "ನನ್ನ ಹೆಂಡತಿಯಂಥಾ ಅಡುಗೆಯವಳ ಕೈಲೇ ಆಗ್ಲಿಲ್ಲ ಅಂದ್ರೆ ನಿಮ್ಮ ಮನೆಯವರ ಗತಿ ಏನು? ಯೋಚನೆ ಮಾಡಿ!" ಒಬ್ಬರ ಹಿಂದೊಬ್ಬರು ಗ್ಯಾಸಿಗೆ ಹೆಸರು ಬರೆಸಲು ಹೊರಟಿದ್ದವರು ಹಿಂದೇಟು ಹಾಕಿದರು. ಭಟ್ಟಿಯತ್ತೆ ಮಾರನೆಯ ದಿನ ಮಾಸ್ತರರ ಮನೆಗೆ ಬಿಸಿ ರೊಟ್ಟಿ ಕಳಿಸಿದಳು. ಪಾತ್ರೆಗಳು ಮತ್ತೆ ಭಟ್ಟಿಗೆ ಬಂದವು. ಗ್ಯಾಸ್ ಒಲೆ ಮಾಸ್ತರರ ಸ್ನಾನದ ನೀರು ಕಾಯಿಸಿಕೊಂಡು ಮೂಲೆಯಲ್ಲಿ ಉಳಿಯಿತು.

ಆದರೆ ಮಾಸ್ತರರ ಹೊಟ್ಟೆ ಬೆಳೆಯುವುದನ್ನು ನಿಲ್ಲಿಸಲಿಲ್ಲ. ಒಂದು ದಿನ ಪ್ಯಾಂಟಿನ ಗುಂಡಿ ಕಿತ್ತು ಹಾರಿ ಬೆಕ್ಕಿಗೆ ತಗುಲಿತು. ಎಲ್ಲ ಪ್ಯಾಂಟುಗಳನ್ನೂ ಹೆಗಲ ಮೇಲೆ ಹಾಕಿಕೊಂಡು ದರ್ಜಿಯ ಅಂಗಡಿಗೆ ಹೋದರು. ಅಂಗಡಿಯ ಹಿಂದಿನ ಕೋಣೆಯೇ ದರ್ಜಿಯ ಮನೆ. ಟೇಪು ಸೊಂಟ ಸುತ್ತಿ ಮುಗಿಯುವಷ್ಟರಲ್ಲಿ ಊಟದ ಹೊತ್ತಾಯಿತು.

"ಬನ್ನಿ ಮಾಸ್ತರೇ, ನಮ್ಮನೇಲೇ ಒಂದು ತುತ್ತು ಉಂಡು ಹೋಗಿ."

ಒಳಗಿಂದ ಖಾರದಕ್ಕ ಕೂಗಿದಳು: "ಬೇಡ ಬೇಡ! ಅವರಿಗೆ ನಮ್ಮನೆ ಊಟ ಸೇರಲ್ಲ!"

"ಯಾಕ್ ಸೇರಲ್ಲಮ್ಮ? ಬೀದಿಯೆಲ್ಲ ಹೊಗಳೋ ಊಟ" ಎಂದು ಮಾಸ್ತರರು ಕೂತೇಬಿಟ್ಟರು.

ಬಡಿಸದೆ ವಿಧಿಯಿರಲಿಲ್ಲ. ಮಾಸ್ತರರು ತಟ್ಟೆ ನೋಡಿದರು. ಆಲೂಗಡ್ಡೆ ರೈಲು ಟಿಕೆಟಿನ ಹಾಗೆ ಒಂದೇ ಅಳತೆಗೆ ಚೌಕವಾಗಿತ್ತು. ಒಂದು ತುತ್ತು ಬಾಯಿಗಿಟ್ಟರು. ಉಪ್ಪನ್ನು ದೂರದಿಂದ ತೋರಿಸಿದ ಸಾರು. ಇಷ್ಟು ವರ್ಷ ಬಾಯಿ ಮುಚ್ಚಿ ಉಂಡ ರುಚಿ ನಾಲಿಗೆಗೆ ಮರೆಯುತ್ತದೆಯೇ? ತಲೆಯೆತ್ತಿ ಖಾರದಕ್ಕನನ್ನು ನೋಡಿದರು. ಖಾರದಕ್ಕ ಸೂರು ನೋಡುತ್ತಿದ್ದಳು.

"ನನ್ನ ಹೆಂಡ್ತಿ ಈಚೆಗೆ ಎಷ್ಟು ಹಿತವಾಗಿ ಮಾಡ್ತಾಳೆ ನೋಡಿ" ಎಂದ ದರ್ಜಿ.

ಎರಡು ಗಾಡಿಗಳು ಒಂದರ ಹಳಿಯ ಮೇಲೆ ಇನ್ನೊಂದು ತಿಂಗಳುಗಟ್ಟಲೆ ಓಡಿವೆ, ಸ್ಟೇಷನ್ ಮಾಸ್ತರನಿಗೇ ಸುದ್ದಿಯಿಲ್ಲ! ಮಾಸ್ತರರ ಕಿವಿ ಕೆಂಪಾಯಿತು. ಚಹಾದಂಗಡಿಯ ಭಾಷಣ ನೆನಪಾಗಿ ಇನ್ನಷ್ಟು ಕೆಂಪಾಯಿತು. ಈಗ ಏಳುತ್ತಾರೆ, ತಟ್ಟೆ ಎಸೆಯುತ್ತಾರೆ ಎಂದು ಖಾರದಕ್ಕ ಕಾದಳು. ಮಾಸ್ತರರು ತಟ್ಟೆ ಮುಂದೆ ಚಾಚಿದರು.

"ಇನ್ನೊಂಚೂರು ಹಾಕಮ್ಮ."

ಮನೆಗೆ ಬಂದು ಹೆಂಡತಿಗೆ ಇಷ್ಟೇ ಹೇಳಿದರು: "ಇವತ್ತು ದರ್ಜಿ ಮನೇಲಿ ಉಂಡೆ."

ಮಾಸ್ತರಮ್ಮ ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದಳು. "ಹೇ... ಹೇಗಿತ್ತು?"

"ಉಪ್ಪಿರಲಿಲ್ಲ." ಕುರ್ಚಿಯಲ್ಲಿ ಕುಸಿದು ಕೂತರು. "ನೋಡೇ, ಈ ಖಾರ ತಿಂದು ತಿಂದು ನನಗೆ ಎದೆಯೆಲ್ಲ ಉರಿ. ನೆಟ್ಟಗೆ ನಿದ್ದೆಯಿಲ್ಲ. ನೀನೇ ಅಷ್ಟು ಆಸೆಯಿಂದ ಮಾಡ್ತೀಯ ಅಂದ್ಕೊಂಡಿದ್ದೆ, ಹೇಳಿದ್ರೆ ನೊಂದ್ಕೋತೀಯ ಅಂತ ಸುಮ್ನಿದ್ದೆ."

"ಹಾಗಾದ್ರೆ ಹೊಗಳಿದ್ದೆಲ್ಲ ಸುಳ್ಳಾ?"

"ಮೊದಲ ವಾರದ್ದು ನಿಜ."

ಮಾಸ್ತರಮ್ಮನಿಗೆ ಅಳಬೇಕೆನಿಸಿತು, ಆದರೆ ಬಂದದ್ದು ನಗು. ಆಕೆ ನಕ್ಕದ್ದನ್ನು ನೋಡಿ ಮಾಸ್ತರರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಹಿಡಿದುಕೊಳ್ಳಲು ಹೊಟ್ಟೆಯೇನೋ ಧಾರಾಳವಾಗಿತ್ತು.

ಮರುದಿನ ಭಟ್ಟಿಯ ಮುಂದೆ ಪಂಚಾಯಿತಿ. "ನಮ್ಮೋರಿಗೆ ನನ್ನ ಪಾತ್ರೆಯೇ ಬೇಕಂತೆ" ಎಂದಳು ಮಾಸ್ತರಮ್ಮ.

"ಅಯ್ಯೋ, ನಮ್ಮೋನ ಹೊಟ್ಟೆ ಗತಿ ಏನು?" ಖಾರದಕ್ಕ ತಲೆಯ ಮೇಲೆ ಕೈಹೊತ್ತಳು. "ಸಪ್ಪೆ ಅಡುಗೆ ಮಾಡೋಕೆ ನನಗೆ ಕೈಯೇ ಏಳಲ್ಲ. ರಾತ್ರಿ ಊಟಕ್ಕೆ ಒಂದೆರಡು ಸಲ ಸ್ಟೌ ಹಚ್ಚಿ ಮಾಡಿ ನೋಡ್ದೆ, ಒಗ್ಗರಣೆ ಹಾಕ್ದೆ ಇರೋಕೆ ಆಗ್ಲಿಲ್ಲ."

"ಅಷ್ಟೇ ಅಲ್ಲ ಅಕ್ಕ," ಮಾಸ್ತರಮ್ಮ ದನಿ ತಗ್ಗಿಸಿದಳು, "ನನಗೀಗ ನಿನ್ನ ಖಾರ ಇಲ್ದೆ ಊಟ ಇಳಿಯಲ್ಲ."

ಭಟ್ಟಿಯತ್ತೆ ಹಣೆ ಚಚ್ಚಿಕೊಂಡಳು. "ಬುದ್ಧಿ ಎಲ್ಲಿಟ್ಟಿದ್ದೀರೇ? ಸಪ್ಪೆ ಬೇಕಾದ ಗಂಡಸರು ಇಬ್ಬರು. ಮಾಸ್ತರಮ್ಮ, ನೀನು ಅವರಿಬ್ಬರಿಗೂ ಸೇರಿಸಿ ಒಂದು ಪಾತ್ರೆ ಮಾಡು. ಖಾರದಕ್ಕ, ನೀನು ನಿಮ್ಮಿಬ್ಬರಿಗೂ ಖಾರದ್ದು ಒಂದು ಮಾಡು. ನನಗೂ ಸೇರಿಸಿ ಮಾಡು, ಇಷ್ಟು ದಿನ ವಾಸನೆ ಕುಡಿದದ್ದೇ ಬಂತು."

ಹಾಗೇ ಆಯಿತು. ಮಧ್ಯಾಹ್ನ ಮಾಸ್ತರರು ದರ್ಜಿಯ ಅಂಗಡಿಗೆ ಹೋಗಿ, ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಅವನ ಜೊತೆ ಕೂತು ಸಪ್ಪೆ ಊಟ ಉಂಡು, ಅಲ್ಲೇ ತೂಕಡಿಸುತ್ತಿದ್ದರು. ದರ್ಜಿಗೆ ನಿಜ ತಿಳಿಸಿದವರು ಯಾರೋ ಗೊತ್ತಿಲ್ಲ. ತಿಳಿದ ಮೇಲೂ ಅವನು ತಿಳಿಯದವನಂತೆ ಉಂಡ.

ಕಾಲ ನಿಲ್ಲಲಿಲ್ಲ. ಭಾಷಣ ಮರೆತವರು ಒಬ್ಬೊಬ್ಬರಾಗಿ ಗ್ಯಾಸ್ ತಂದರು. ಭಟ್ಟಿಗೆ ಬರುವ ಪಾತ್ರೆಗಳು ಕಡಿಮೆಯಾದವು. ಕೊನೆಗೊಂದು ಮಳೆಗಾಲದಲ್ಲಿ ಭಟ್ಟಿಯ ಗೋಡೆ ಬಿರುಕು ಬಿಟ್ಟಾಗ ಅದನ್ನು ಸರಿಮಾಡಿಸುವ ಗೋಜಿಗೆ ಯಾರೂ ಹೋಗಲಿಲ್ಲ. ಮನೆಮನೆಗೂ ಬಾಗಿಲು ಹಾಕಿಕೊಂಡು ಅಡುಗೆ ಮಾಡುವ ರೂಢಿ ಬಂತು. ಯಾರ ಮನೆಯಲ್ಲಿ ಏನು ಬೇಯುತ್ತಿದೆ, ಯಾರು ಮುನಿಸಿಕೊಂಡು ಈರುಳ್ಳಿ ಕೊಚ್ಚಿದರು ಎಂಬುದು ಯಾರಿಗೂ ತಿಳಿಯದಾಯಿತು.

ಆ ಎರಡು ಮನೆಗಳ ಏರ್ಪಾಡು ಮಾತ್ರ ಮುರಿಯಲಿಲ್ಲ. ಮಾಸ್ತರಮ್ಮ ಗ್ಯಾಸಿನ ಮೇಲೆ ಸಣ್ಣ ಉರಿಯಲ್ಲಿ ಸಪ್ಪೆ ಸಾರು ಇಟ್ಟು ಗಂಡಸರಿಗೆ ಕಳಿಸಿ, ತಾನು ಭಟ್ಟಿಯತ್ತೆಯ ಮನೆಗೆ ಹೋಗುತ್ತಿದ್ದಳು. ಅಷ್ಟರಲ್ಲಿ ಖಾರದಕ್ಕನ ಪಾತ್ರೆಯೂ ಬಂದಿರುತ್ತಿತ್ತು. ಮೂವರೂ ನೆಲದ ಮೇಲೆ ಕಾಲು ಚಾಚಿ ಕೂತು, ಮೂಗು ಸೊರಗುಟ್ಟಿಸುತ್ತ, ಬೀದಿಯ ಸುದ್ದಿಯೆಲ್ಲ ಮುಗಿಯುವವರೆಗೂ ಉಣ್ಣುತ್ತಿದ್ದರು. ಮಾಸ್ತರಮ್ಮ ಎದ್ದು ಹೊರಡುವಾಗ ಭಟ್ಟಿಯತ್ತೆ ಕೂತಲ್ಲಿಂದಲೇ ಕೂಗುವಳು:

"ಕಣ್ಣೊರೆಸಿಕೊಂಡು ಹೋಗೇ! ಇಲ್ದಿದ್ರೆ ನಾನೇ ಬಯ್ದು ಅಳಿಸ್ದೆ ಅಂತಾರೆ."