ಸಿಟ್ಟಿನ ಬಹುವಚನ

ದೇವರು ಬಂದಾಗ ಕಡ್ಡಿ ಅನ್ನುವವನು ಪೀಪಾಯಿಗೆ ಕಬ್ಬಿಣದ ಪಟ್ಟಿ ಬಡಿಯುತ್ತಿದ್ದ. ಬಂದವನ ಅವತಾರ ನೋಡಿದರೆ ದೇವರು ಅನ್ನೋದಕ್ಕೆ ನಾಲಿಗೆ ಏಳಬೇಕಲ್ಲ! ಮೊಣಕಾಲವರೆಗೂ ದ್ರಾಕ್ಷಿ ರಸ, ಗಡ್ಡದ ತುಂಬ ಸಿಪ್ಪೆ, ಅಂಗಿಗೆ ಎರಡೇ ಗುಂಡಿ.

"ಯಾರಯ್ಯ ನೀನು?"

"ದೇವರು. ವೈನಿಗೂ ನಾನೇ, ಸ್ನೇಹಕ್ಕೂ ನಾನೇ. ಕುಡಿಯೋಕೆ ಏನಾದ್ರೂ ಇದೆಯಾ?"

"ದೇವರಾದ್ರೆ ವರ ಕೊಡಬೇಕಪ್ಪ. ಹೀಗೆ ಬೇಡ್ಕೊಂಡು ಬರ್ತಾರಾ?" ಅಂದ ಕಡ್ಡಿ. ಆದರೂ ಒಂದು ಲೋಟ ವೈನ್ ಬಗ್ಗಿಸಿ ಕೊಟ್ಟ. ದೇವರು ಒಂದು ಗುಟುಕು ಬಾಯಿಗೆ ಹಾಕಿಕೊಂಡವನೇ ಥೂ ಎಂದು ಉಗಿದ.

"ಹುಳಿ! ಇಲ್ಲಿ ಯಾರೋ ಸಿಟ್ಟಿನ ಬಹುವಚನ ಹಾಕ್ತಿದ್ದಾರೆ."

ಕಡ್ಡಿಯ ಸುತ್ತಿಗೆ ಅಲ್ಲೇ ನಿಂತಿತು. ನಿಜವೇ. ಪೀಪಾಯಿ ಮಾಡುವ ಕಡ್ಡಿ, ಅದಕ್ಕೆ ವೈನ್ ತುಂಬುವ ಗುಂಡ, ಇಬ್ಬರೂ ಚಡ್ಡಿ ದೋಸ್ತರು. ಗುಂಡನ ತಂಗಿಯನ್ನೇ ಕಡ್ಡಿ ಕಟ್ಟಿಕೊಂಡ ಮೇಲೂ "ಬಾರೋ ಕತ್ತೆ", "ಹೋಗೋ ಕೋತಿ" ಅಂತಲೇ ಮಾತು. ಹೋದ ದ್ರಾಕ್ಷಿ ಕೊಯ್ಲಿನಲ್ಲಿ ಗುಂಡ ನಾಲ್ಕು ಜನರೆದುರು "ನಿನ್ನ ಪೀಪಾಯಿ ಸೋರುತ್ತೆ" ಅಂದುಬಿಟ್ಟ. ಕಡ್ಡಿ ಬಿಟ್ಟಾನೆಯೇ? "ಸೋರಿದ್ದೇ ಒಳ್ಳೇದಾಯ್ತು, ಕುಡಿಯೋರು ಬದುಕ್ಕೊಂಡ್ರು" ಅಂದ. ಹೊಡೆದಾಡಿದ್ದರೆ ಸಂಜೆಗೆ ಮುಗಿದುಹೋಗುತ್ತಿತ್ತು. ಇವರು ಮರ್ಯಾದೆ ಕೊಡಲು ಶುರುಮಾಡಿದರು. "ತಾವು ಬಂದಿರಾ?" "ತಮ್ಮ ಪೀಪಾಯಿ ಸಿದ್ಧವಿದೆ." ಅಯ್ಯೋ, ಆ ಮರ್ಯಾದೆಗಿಷ್ಟು ಬೆಂಕಿ ಬೀಳ! ಊಟಕ್ಕೆ ಕೂತರೆ ಗುಂಡನ ಖಾಲಿ ಕುರ್ಚಿ ಕಂಡು ಕಡ್ಡಿಗೆ ತುತ್ತು ಇಳಿಯುತ್ತಿರಲಿಲ್ಲ. ಹೆಂಡತಿ "ನಮ್ಮಣ್ಣನ್ನ ಒಂದ್ಸಲ ಕರೀರಿ" ಅಂದರೆ "ಅವರು ದೊಡ್ಡವರು" ಅನ್ನುತ್ತಿದ್ದ. ಒಳಗೊಳಗೇ ಅಳು ಬರುತ್ತಿತ್ತು.

"ನನ್ನನ್ನೇ ನೋಡು," ಅಂದ ದೇವರು. "ಎಲ್ಲರೂ 'ಕಾಪಾಡಪ್ಪ' ಅಂತಾರೆ. ಯಾವನಾದ್ರೂ 'ತಾವು ದಯವಿಟ್ಟು ಕಾಪಾಡಿ' ಅಂದಿದ್ದು ಕೇಳಿದ್ದೀಯಾ? ನಡಿ, ಹೋಗಿ 'ಲೋ' ಅನ್ನು. ಅಷ್ಟೇ ಕೆಲಸ."

ದಾರಿಯುದ್ದಕ್ಕೂ ದೇವರ ಹಿಂದೆ ಕಡ್ಡಿ "ಲೋ, ಲೋ" ಅಂತ ಬಾಯಿಪಾಠ ಮಾಡಿದ. ಗುಂಡ ತನ್ನ ನೆಲಮಾಳಿಗೆಯಲ್ಲಿ ದೊಡ್ಡ ಪೀಪಾಯಿ ಒರೆಸುತ್ತಿದ್ದ. ಅವನ ಮುಖ ಕಂಡದ್ದೇ ತಡ, ಕಡ್ಡಿಯ ಬಾಯಿಂದ ಹೊರಟಿತು: "ತಾವು ಆರೋಗ್ಯವೇ?"

"ಎಲ್ಲ ತಮ್ಮ ದಯೆ," ಅಂದ ಗುಂಡ.

ದೇವರು ಹಣೆ ಚಚ್ಚಿಕೊಂಡ. ಸೀದಾ ಹೋಗಿ ಪೀಪಾಯಿಯ ಬಿರಡೆ ಕಿತ್ತು, ಬಾಯಿಗೆ ಹಾಕಿಕೊಂಡು ನುಂಗಿಯೇಬಿಟ್ಟ. ವೈನ್ ಬುಸ್ಸೆಂದು ಚಿಮ್ಮಿತು.

"ಲೋ ಗುಂಡಾ! ಕಂಬದ ಹಾಗೆ ನಿಂತಿದ್ದೀಯಲ್ಲೋ ಕತ್ತೆ, ಕೈ ಒತ್ತೋ!" ಕಡ್ಡಿ ಕಿರುಚಿಕೊಂಡು ಓಡಿದ.

"ನೀನೇ ಒತ್ತೋ! ನಿನ್ನ ದರಿದ್ರ ಪೀಪಾಯಿ ಅಲ್ವೇನೋ!" ಅನ್ನುತ್ತಲೇ ಗುಂಡನೂ ಪೀಪಾಯಿ ಮೇಲೆ ಬಿದ್ದ.

ಕೈ ಮೇಲೆ ಕೈ ಒತ್ತಿ ಇಬ್ಬರೂ ತೂತು ಮುಚ್ಚಿದರು. ಬೆರಳ ಸಂದಿಯಿಂದ ತೊಟ್ಟಿಕ್ಕಿದ್ದಕ್ಕೆ ದೇವರು ಕೆಳಗೆ ಅಂಗಾತ ಮಲಗಿ ಬಾಯಿ ಒಡ್ಡಿದ. "ಹಾಂ, ಈಗ ಕುಡಿಯೋ ಹಾಗಾಯ್ತು," ಅಂದ.

ಗುಂಡನಿಗೆ ಕಣ್ಣೊರೆಸಿಕೊಳ್ಳಲು ಕೈ ಖಾಲಿಯಿರಲಿಲ್ಲ. ನೀರು ಗಲ್ಲದವರೆಗೂ ಇಳಿಯಿತು.

"ಇನ್ನೊಂದ್ಸಲ ಅನ್ನೋ."

"ಏನಂತ?"

"ಕತ್ತೆ ಅಂತ."

"ಕ..." ಅನ್ನುವಷ್ಟರಲ್ಲೇ ಕಡ್ಡಿ ಗೊಳೋ ಅಂತ ಅತ್ತುಬಿಟ್ಟ. ಉಳಿದದ್ದನ್ನು ಗುಂಡನೇ ಸೇರಿಸಿ, ಇಡೀ ಕತ್ತೆಯನ್ನು ಅವನಿಗೇ ವಾಪಸ್ ಕೊಟ್ಟ.